ಪ್ರತಿಕ್ರಿಯೆ: ಹಳೆ ಬಾರ್ಬಿಯ ಕಿವಿ ಹಸಿರಾಗಿದೆ, ಬೆನ್ನ ಮೇಲೆ 1966 ಇದೆ, ಬೆಲೆ ಎಷ್ಟು?

ಕಿವಿಯ ಹಸಿರು ಬೂಷ್ಟು ಇರಲಾರದು, ಓಲೆಯ ಕಿಲುಬು. ಓಲೆಯ ಕಡ್ಡಿಯಲ್ಲಿ ತಾಮ್ರ ಇರುತ್ತದೆ. ತಲೆಯ ಮೆತ್ತನೆ ಪಿವಿಸಿಯಿಂದ ಒಸರುವ ಎಣ್ಣೆಯಂಥ ಅಂಶ ತಾಗಿ ಕಿಲುಬು ಹುಟ್ಟಿ, ಪ್ಲಾಸ್ಟಿಕ್ ಒಳಕ್ಕೇ ಇಳಿಯುತ್ತದೆ. ಅದಕ್ಕೇ ನೀವು ಸೋಪು ಹಾಕಿ ಎಷ್ಟು ಉಜ್ಜಿದರೂ ಹೋಗಿಲ್ಲ.

ಮೊದಲು ಓಲೆ ತೆಗೆಯಿರಿ. ಸುಮ್ನೆ ಎಳೆದರೆ ಕಡ್ಡಿ ಒಳಗೇ ಮುರಿಯಬಹುದು. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕಿವಿಗೆ ಒತ್ತಿ ಹಿಡಿಯಿರಿ, ಮೆತ್ತಗಾದ ಮೇಲೆ ನೇರಕ್ಕೆ ಹೊರಗೆಳೆಯಿರಿ. ಆಮೇಲೆ ಮೊಡವೆಗೆ ಹಚ್ಚುವ ಶೇ. 10ರ ಬೆಂಜಾಯಿಲ್ ಪೆರಾಕ್ಸೈಡ್ ಕ್ರೀಮನ್ನು ಹಲ್ಲುಕಡ್ಡಿಯ ತುದಿಯಲ್ಲಿ ತೆಗೆದು ಕಲೆಗೆ ಮಾತ್ರ ಹಚ್ಚಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ. ಮಾರನೇ ದಿನ ಒರೆಸಿ ನೋಡಿ, ಬೇಕಿದ್ದರೆ ಮತ್ತೆ ಹಚ್ಚಿ. ಇದು ಗೊಂಬೆಯ ಮೈಬಣ್ಣವನ್ನೂ ಬಿಳಿಚಿಸಬಹುದು, ಹಾಗಾಗಿ ಮೊದಲು ಕತ್ತಿನ ಒಳಗಡೆ ಪರೀಕ್ಷಿಸಿ. ಕೂದಲು, ತುಟಿಯ ಬಣ್ಣಕ್ಕೆ ತಾಗಿಸಲೇಬೇಡಿ. ಆಳಕ್ಕೆ ಇಳಿದ ಕಲೆ ಪೂರ್ತಿ ಹೋಗುತ್ತದೆ ಅಂತ ಹೇಳಲಾರೆ. ತಿಳಿಯಾದರೆ ಅಲ್ಲಿಗೇ ನಿಲ್ಲಿಸಿ.

ಓಲೆ ವಾಪಸ್ ಚುಚ್ಚಬೇಡಿ, ಪುಟ್ಟ ಪೊಟ್ಟಣದಲ್ಲಿ ಬೇರೆ ಇಡಿ.

ಇನ್ನು 1966. ಅದು ಮೈಯ ಅಚ್ಚಿನ ಹಕ್ಕುಸ್ವಾಮ್ಯದ ವರ್ಷ, ಗೊಂಬೆ ತಯಾರಾದ ವರ್ಷವಲ್ಲ. ಅದೇ ಅಂಕಿ 1990ರ ದಶಕದ ಗೊಂಬೆಗಳ ಮೇಲೂ ಇದೆ! ಜೊತೆಗಿರುವ ದೇಶದ ಹೆಸರು ನೋಡಿ: ಜಪಾನ್ ಇದ್ದರೆ ಹಳೆಯದು, ಮಲೇಷ್ಯಾ, ಚೀನಾ ಇದ್ದರೆ ಈಚಿನದು. ಬೆಲೆಗೆ, ಮಾರುವವರು ಕೇಳುತ್ತಿರುವ ಮೊತ್ತ ಬಿಟ್ಟು ನಿಜಕ್ಕೂ ಮಾರಾಟವಾದ ಮೊತ್ತ ಹುಡುಕಿ. ಕಲೆ ಇರುವ ಗೊಂಬೆಯದ್ದನ್ನೇ ಹೋಲಿಸಿ.