ಟ್ರೇಡಿಂಗ್ ಸ್ಪರ್ಧೆಗೆ ತಂಡ ಕಟ್ಟುವುದು

ಪ್ರಶ್ನೆ: ಟೊರೊಂಟೊದ ರಾಟ್‌ಮನ್ ಅಂತರರಾಷ್ಟ್ರೀಯ ಟ್ರೇಡಿಂಗ್ ಸ್ಪರ್ಧೆಗೆ ನಮ್ಮ ವಿಶ್ವವಿದ್ಯಾಲಯದಿಂದ ತಂಡ ಕಟ್ಟಬೇಕೆಂದಿದ್ದೇವೆ. ಈಗಾಗಲೇ ಷೇರು ವಹಿವಾಟು ಮಾಡುವವರನ್ನೇ ಆರಿಸಬೇಕೆ?

ಉತ್ತರ: ಬೇಕಿಲ್ಲ. ಅಲ್ಲಿನ ಹಣ, ಮಾರುಕಟ್ಟೆ ಎರಡೂ ಸಿಮ್ಯುಲೇಟರ್ ಎಂಬ ಅನುಕರಣ ತಂತ್ರಾಂಶದೊಳಗಿನವು. ಸುತ್ತು ಕೆಲವೇ ನಿಮಿಷಗಳದು. ಯಾರೋ ಕೊಟ್ಟ ಟಿಪ್ ನಂಬಿ ಷೇರು ಕೊಂಡ ಅನುಭವ ಉಪಯೋಗಕ್ಕೆ ಬಾರದು. ಪೈಥಾನ್ ಪ್ರೋಗ್ರಾಮಿಂಗ್ ಬಲ್ಲವರೊಬ್ಬರು, ಎಕ್ಸೆಲ್‌ನಲ್ಲಿ ಚುರುಕಾದವರೊಬ್ಬರು, ಆಪ್ಷನ್ (ನಿಗದಿತ ಬೆಲೆಗೆ ಮುಂದೆ ಕೊಳ್ಳುವ ಅಥವಾ ಮಾರುವ ಹಕ್ಕು) ಬೆಲೆಯ ಲೆಕ್ಕ ಗೊತ್ತಿರುವವರೊಬ್ಬರು ಮೊದಲು ಸಿಗಲಿ. ಸ್ಪರ್ಧೆಯಲ್ಲಿ ಬಳಸುವ ಆರ್‌ಐಟಿ (ರಾಟ್‌ಮನ್ ಇಂಟರಾಕ್ಟಿವ್ ಟ್ರೇಡರ್) ಸಿಮ್ಯುಲೇಟರ್‌ನ ಬೆಲೆಗಳು ನೇರವಾಗಿ ಎಕ್ಸೆಲ್‌ಗೆ ಬರುತ್ತವೆ. ಎಪಿಐ, ಅಂದರೆ ನಿಮ್ಮ ಕೋಡ್ ಸಿಮ್ಯುಲೇಟರ್ ಜೊತೆ ಮಾತಾಡುವ ಸಂಪರ್ಕದ ಮೂಲಕ ಪೈಥಾನ್‌ನಿಂದಲೇ ಆರ್ಡರ್ ಹಾಕಬಹುದು.

ಹೊಸ ತಂಡಗಳು ಎಡವುವುದು ಪೊಸಿಷನ್ ಮಿತಿಯಲ್ಲಿ, ಅಂದರೆ ಒಮ್ಮೆಗೆ ಎಷ್ಟು ಷೇರುಗಳ ವಹಿವಾಟು ತೆರೆದಿರಬಹುದೆಂಬ ಮಿತಿಯಲ್ಲಿ. ಇದನ್ನು ನೆಟ್ (ಕೊಂಡದ್ದರಲ್ಲಿ ಶಾರ್ಟ್ ಕಳೆದದ್ದು), ಗ್ರಾಸ್ (ಎರಡನ್ನೂ ಕೂಡಿದ್ದು) ಎಂದು ಎರಡು ರೀತಿ ಲೆಕ್ಕ ಹಾಕುತ್ತಾರೆ. ಒಂದು ಷೇರು 10,000 ಕೊಂಡು, ಇನ್ನೊಂದನ್ನು 10,000 ಶಾರ್ಟ್ ಮಾಡಿದರೆ (ಕೈಯಲ್ಲಿಲ್ಲದ್ದನ್ನು ಮಾರಿದರೆ) ನೆಟ್ ಸೊನ್ನೆ. ಆದರೆ ಗ್ರಾಸ್ 20,000! ಪ್ರತಿ ಆರ್ಡರ್‌ಗೂ ಮುನ್ನ ನಿಮ್ಮ ಕೋಡ್ ನೆಟ್, ಗ್ರಾಸ್ ಎರಡನ್ನೂ ನೋಡಬೇಕು, ಇನ್ನೂ ಪೂರೈಸದ ಆರ್ಡರ್‌ಗಳನ್ನು ಸೇರಿಸಿಕೊಂಡು.