ಅಮ್ಮನಿಗೆ 68 ವರ್ಷ, ಶುಗರ್ ಇದೆ. ಬಾಯಿ ಪೂರ್ತಿ ಇಂಪ್ಲಾಂಟ್ ಹಾಕಿಸಬಹುದಾ?

ಇಂಪ್ಲಾಂಟ್ ಅಂದರೆ ಹಲ್ಲು ಕೂರಿಸಲು ದವಡೆಯ ಮೂಳೆಯೊಳಗೆ ಹಾಕುವ ಸ್ಕ್ರೂ. ಅದಕ್ಕೆ 68 ಅನ್ನೋದು ಅಡ್ಡಿಯಲ್ಲ. ದವಡೆಯಲ್ಲಿ ಮೂಳೆ ಎಷ್ಟು ಉಳಿದಿದೆ, ಶುಗರ್ ಎಷ್ಟು ಹಿಡಿತದಲ್ಲಿದೆ, ಅದೇ ಮುಖ್ಯ.

ಹಲ್ಲು ಹೋಗಿ ವರ್ಷಗಳಾದರೆ ಮೂಳೆ ಕರಗುತ್ತಾ ಹೋಗುತ್ತದೆ. ಅದರ ಎತ್ತರ, ಅಗಲ, ಕೆಳದವಡೆಯ ನರ ಎಲ್ಲಿ ಹಾದುಹೋಗುತ್ತದೆ, ಮೇಲ್ದವಡೆಯ ಮೇಲಿರುವ ಸೈನಸ್ (ಗಾಳಿ ತುಂಬಿದ ಪೊಳ್ಳು ಜಾಗ) ಎಷ್ಟು ಹತ್ತಿರ ಇದೆ ಅನ್ನೋದೆಲ್ಲ ಸರಿಯಾಗಿ ಕಾಣುವುದು ಸಿಬಿಸಿಟಿ ಸ್ಕ್ಯಾನ್‌ನಲ್ಲಿ, ಅಂದರೆ ದವಡೆಯ 3ಡಿ ಎಕ್ಸ್-ರೇಯಲ್ಲಿ. ಸ್ಕ್ಯಾನ್ ನೋಡದೆ ಮೊದಲ ದಿನವೇ ಪ್ಯಾಕೇಜ್ ರೇಟ್ ಹೇಳಿದರೆ ದಯವಿಟ್ಟು ಅಡ್ವಾನ್ಸ್ ಕಟ್ಟಬೇಡಿ.

ಎಚ್‌ಬಿಎ1ಸಿ (ಕಳೆದ 2-3 ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 7ರ ಆಸುಪಾಸಿನಲ್ಲಿದ್ದರೆ ಸಾಮಾನ್ಯವಾಗಿ ಮುಂದುವರಿಯುತ್ತಾರೆ. 9, 10 ಇದ್ದರೆ ಮೊದಲು ಅದನ್ನು ಇಳಿಸಿ, ಇಲ್ಲದಿದ್ದರೆ ಗಾಯ ಮಾಯುವುದು ನಿಧಾನ, ಸೋಂಕಿನ ಭಯ ಜಾಸ್ತಿ.

ತುಂಬಾ ಜನ ಹೇಳಲು ಮರೆಯುವ ವಿಷಯ ಒಂದಿದೆ. ಮೂಳೆ ಸವೆತಕ್ಕೆ ಅಲೆಂಡ್ರೋನೇಟ್ ಮಾತ್ರೆ ಅಥವಾ ಝೋಲೆಡ್ರೋನಿಕ್ ಆಸಿಡ್ ಇಂಜೆಕ್ಷನ್ ತಗೊಂಡಿದ್ದರೆ ದಂತವೈದ್ಯರಿಗೆ ಖಂಡಿತ ತಿಳಿಸಿ, ಏಕೆಂದರೆ ಅಪರೂಪಕ್ಕೆ ದವಡೆಯ ಮೂಳೆಯೇ ಸಾಯುವ ತೊಂದರೆ ಬರಬಹುದು. ದವಡೆಗೆ ರೇಡಿಯೇಷನ್ ಆಗಿದ್ದರೂ ಹಾಗೆಯೇ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ನೀವೇ ನಿಲ್ಲಿಸಬೇಡಿ. ಹೊಗೆಸೊಪ್ಪು ಹಾಕುತ್ತಿದ್ದರೆ ಬಿಡಲೇಬೇಕು.

ಅಂದ ಹಾಗೆ, ಒಂದೊಂದು ಹಲ್ಲಿಗೂ ಇಂಪ್ಲಾಂಟ್ ಬೇಕಿಲ್ಲ, ಒಂದು ದವಡೆಗೆ ಸಾಮಾನ್ಯವಾಗಿ 4ರಿಂದ 6 ಸಾಕು. ಅದು ಮೂಳೆಗೆ ಅಂಟಿಕೊಳ್ಳಲು 3ರಿಂದ 6 ತಿಂಗಳು. ಆಮೇಲೂ ದಿನಾ ಅದರ ಕೆಳಗೆಲ್ಲ ಶುಚಿ ಮಾಡಬೇಕು, ಅಮ್ಮನ ಕೈಯಲ್ಲಿ ಆಗುತ್ತಾ ನೋಡಿ. ಆಗದಿದ್ದರೆ ಕೆಳಗೆ 2 ಇಂಪ್ಲಾಂಟ್ ಹಾಕಿ, ತೆಗೆದು ತೊಳೆಯಬಹುದಾದ ಹಲ್ಲಿನ ಸೆಟ್ ಕೂರಿಸುವುದೇ ನನಗೆ ಒಳ್ಳೆಯದು ಅನಿಸುತ್ತದೆ. ಮುದ್ದೆ, ಸಾರು, ಚಪಾತಿಗೆ ಅಷ್ಟು ಹಿಡಿತ ಸಾಕು.

ಇನ್ನೊಂದು ಅಭಿಪ್ರಾಯ ಬೇಕಿದ್ದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದ ಸರ್ಕಾರಿ ದಂತ ಕಾಲೇಜಿಗೆ ಸ್ಕ್ಯಾನ್ ಹಿಡಿದುಕೊಂಡು ಹೋಗಿ ಬನ್ನಿ.