ಕಡಿತ ಎಂದರೆ ಯಾವ ಕಡಿತ? ಹಿರಿಯ ತೆರಿಗೆದಾರರ ಪ್ರಶ್ನೆಗಳಿಗೆ ಉತ್ತರ

ಹಿರಿಯ ನಾಗರಿಕರ ಪತ್ರಗಳಲ್ಲಿ ಬಹುಪಾಲು ಗೊಂದಲ ಹುಟ್ಟುವುದು ‘ಕಡಿತ’ ಎಂಬ ಒಂದೇ ಪದದಿಂದ. ಬ್ಯಾಂಕು ನಮ್ಮ ಬಡ್ಡಿಯಲ್ಲಿ ಮುರಿದುಕೊಳ್ಳುವುದೂ ಕಡಿತ, ಕಾನೂನು ನಮ್ಮ ಆದಾಯದಲ್ಲಿ ಕಳೆದುಕೊಳ್ಳಲು ಬಿಡುವುದೂ ಕಡಿತ. ಮೊದಲನೆಯದು ಕೈಬಿಟ್ಟು ಹೋಗುವ ಹಣ, ಎರಡನೆಯದು ಸಿಗುವ ಅನುಕೂಲ. ಆದ್ದರಿಂದ ಇಲ್ಲಿ ಮೊದಲನೆಯದನ್ನು ಟಿಡಿಎಸ್ (ಮೂಲದಲ್ಲೇ ಹಿಡಿಯುವ ತೆರಿಗೆ) ಎಂದೇ ಕರೆಯುತ್ತೇನೆ. ಅಂಕಿಗಳೆಲ್ಲ 2025–26ನೇ ಹಣಕಾಸು ವರ್ಷದ ಆದಾಯಕ್ಕೆ ಸಂಬಂಧಿಸಿದವು, ಸೆಕ್ಷನ್‌ಗಳು 1961ರ ಆದಾಯ ತೆರಿಗೆ ಕಾಯ್ದೆಯವು. 2026ರ ಏಪ್ರಿಲ್ 1ರಿಂದ ಬರುವ ಆದಾಯಕ್ಕೆ 2025ರ ಹೊಸ ಕಾಯ್ದೆ ಅನ್ವಯಿಸುವುದರಿಂದ ಆಮೇಲೆ ಸೆಕ್ಷನ್ ಸಂಖ್ಯೆಗಳು ಬೇರೆಯಾಗುತ್ತವೆ.

ಪ್ರಶ್ನೆ: ನಾನು ನಿವೃತ್ತ ಪ್ರೌಢಶಾಲಾ ಶಿಕ್ಷಕ, ವಯಸ್ಸು 68. ವರ್ಷಕ್ಕೆ ಪಿಂಚಣಿ 6 ಲಕ್ಷ, ಠೇವಣಿ ಬಡ್ಡಿ 2.40 ಲಕ್ಷ. ಆರೋಗ್ಯ ವಿಮೆಗೆ 38,000 ರೂಪಾಯಿ ಕಟ್ಟುತ್ತೇನೆ. ತೆರಿಗೆ ಉಳಿಸಲು ಪ್ರತಿ ವರ್ಷ 1.5 ಲಕ್ಷವನ್ನು ಐದು ವರ್ಷದ ಠೇವಣಿಯಲ್ಲಿ ಇಡುತ್ತಿದ್ದೇನೆ. ಮುಂದುವರಿಸಲೇ? (ಹಾಸನದಿಂದ)

ಉತ್ತರ: ತೆರಿಗೆಗೆಂದೇ ಇಡುತ್ತಿದ್ದರೆ ಖಂಡಿತ ಬೇಡ ಮೇಷ್ಟ್ರೇ.

ತೆರಿಗೆ ಲೆಕ್ಕಕ್ಕೆ ಎರಡು ಪದ್ಧತಿಗಳಿವೆ: ಕಡಿತಗಳು ಹೆಚ್ಚಿರುವ ಹಳೆಯದು, ಕಡಿತಗಳು ಕಡಿಮೆ ಇರುವ ಹೊಸದು. ಒಂದನ್ನು ಆಯ್ದುಕೊಳ್ಳಬಹುದು. ಹಳೆಯ ಪದ್ಧತಿಯ ಲೆಕ್ಕ ಮೊದಲು ನೋಡೋಣ. ಒಟ್ಟು 8.40 ಲಕ್ಷದಲ್ಲಿ, ಪಿಂಚಣಿಯ ಮೇಲೆ ಯಾವ ರಸೀದಿಯೂ ಇಲ್ಲದೆ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ 50,000 ಹೋಯಿತು. ಹಿರಿಯರ ಬಡ್ಡಿಗೆಂದೇ ಇರುವ 80ಟಿಟಿಬಿ ಅಡಿ 50,000, ವಿಮೆಗೆ 80ಡಿ ಅಡಿ 38,000, ಠೇವಣಿಗೆ 80ಸಿ ಅಡಿ 1.5 ಲಕ್ಷ ಕಳೆದರೆ ಉಳಿಯುವುದು 5.52 ಲಕ್ಷ. ಅರವತ್ತು ದಾಟಿದವರಿಗೆ ಮೊದಲ 3 ಲಕ್ಷಕ್ಕೆ ತೆರಿಗೆ ಇಲ್ಲ. ಮುಂದಿನ 2 ಲಕ್ಷಕ್ಕೆ ಶೇ 5, ಅದರಾಚೆಗೆ ಶೇ 20. ಸೆಸ್ ಸೇರಿ 21,216 ರೂಪಾಯಿ.

ಈಗ ಹೊಸ ಪದ್ಧತಿ. ಇಲ್ಲಿ 80ಸಿ, 80ಡಿ, 80ಟಿಟಿಬಿ ಯಾವುದೂ ಇಲ್ಲ. ಪಿಂಚಣಿಯ ಮೇಲಿನ ಸ್ಟ್ಯಾಂಡರ್ಡ್ ಡಿಡಕ್ಷನ್ ಮಾತ್ರ 75,000. ಉಳಿದದ್ದು 7.65 ಲಕ್ಷ. ತೆರಿಗೆಗೆ ಒಳಪಡುವ ಆದಾಯ 12 ಲಕ್ಷದೊಳಗೆ ಇದ್ದರೆ ರಿಬೇಟ್ ಎಂಬ ತೆರಿಗೆ ರಿಯಾಯಿತಿ ಪೂರ್ತಿ ತೆರಿಗೆಯನ್ನು ತೊಡೆದುಹಾಕುತ್ತದೆ. ಕಟ್ಟಬೇಕಾದದ್ದು ಸೊನ್ನೆ.

ಅಂದರೆ ಐದು ವರ್ಷ ಮುಟ್ಟಲಾಗದ ಠೇವಣಿಯಲ್ಲಿ ದುಡ್ಡು ಹೂಡಿ, ರಸೀದಿಗಳನ್ನೆಲ್ಲ ಫೈಲಿನಲ್ಲಿ ಜೋಡಿಸಿ, ಕೊನೆಗೆ 21,216 ರೂಪಾಯಿ ಕಟ್ಟುವುದು. ಇಲ್ಲವೇ ಏನೂ ಹೂಡದೆ ಏನೂ ಕಟ್ಟದೆ ಇರುವುದು. ವೃತ್ತಿಯಲ್ಲಿದ್ದಾಗ ಫೆಬ್ರುವರಿ ಬಂದರೆ ಹೂಡಿಕೆಯ ಚೀಟಿ ಹುಡುಕುವ ಅಭ್ಯಾಸ ನಿಮಗೆ ಅಂಟಿಕೊಂಡಿದೆ, ಅಷ್ಟೆ. ಆರೋಗ್ಯ ವಿಮೆಯನ್ನು ಮಾತ್ರ ತೆರಿಗೆಯ ಲೆಕ್ಕಾಚಾರದಿಂದ ನಿಲ್ಲಿಸಬೇಡಿ. ಅದು ಆಸ್ಪತ್ರೆಯ ಬಿಲ್ಲಿಗಾಗಿ ಇರುವುದು.

ಆದಾಯ ಹೆಚ್ಚಿದ್ದವರಿಗೆ ಹಳೆಯದೇ ಲೇಸು ಎಂಬ ಮಾತೂ ಓಡಾಡುತ್ತಿದೆ. ಪಿಂಚಣಿ, ಬಡ್ಡಿ ಸೇರಿ 14 ಲಕ್ಷ ಇರುವವರೊಬ್ಬರು 80ಸಿ, 80ಡಿ, 80ಟಿಟಿಬಿ ಪೂರ್ತಿ ಬಳಸಿ, ಕ್ಯಾನ್ಸರ್‌ನಂಥ ಕಾಯಿಲೆಯ ಚಿಕಿತ್ಸೆಗೆ 80ಡಿಡಿಬಿ ಅಡಿ 1 ಲಕ್ಷವನ್ನೂ ಕಳೆದರೆಂದು ಇಟ್ಟುಕೊಳ್ಳಿ. ಆಗಲೂ ಹಳೆಯದರಲ್ಲಿ ತೆರಿಗೆ 1,14,400, ಹೊಸದರಲ್ಲಿ 81,900.

ಪ್ರಶ್ನೆ: ನನಗೆ 63. ಪತಿಯ ನಂತರ ಬರುವ ಕುಟುಂಬ ಪಿಂಚಣಿ ತಿಂಗಳಿಗೆ 22,000. ಒಂದು ಬ್ಯಾಂಕಿನಲ್ಲಿ ವರ್ಷಕ್ಕೆ 1.30 ಲಕ್ಷ, ಇನ್ನೊಂದರಲ್ಲಿ 70,000 ಬಡ್ಡಿ. ಮೊದಲ ಬ್ಯಾಂಕು 13,000 ಹಿಡಿದುಕೊಂಡಿದೆ. ನನಗೆ ತೆರಿಗೆಯೇ ಬರುವುದಿಲ್ಲ ಎನ್ನುತ್ತಾರೆ, ಹಾಗಿದ್ದರೆ ಕಡಿದದ್ದು ಏಕೆ? (ದಾವಣಗೆರೆಯಿಂದ)

ಉತ್ತರ: ಬ್ಯಾಂಕಿಗೆ ನಿಮ್ಮ ಒಟ್ಟು ಆದಾಯ ಗೊತ್ತಿಲ್ಲ, ತನ್ನಲ್ಲಿರುವ ಬಡ್ಡಿ ಮಾತ್ರ ಗೊತ್ತು. ಹಿರಿಯರಿಗೆ ಒಂದು ಬ್ಯಾಂಕಿನ ಬಡ್ಡಿ ವರ್ಷಕ್ಕೆ 1 ಲಕ್ಷ ದಾಟಿದರೆ, ದಾಟಿದ ಭಾಗಕ್ಕಲ್ಲ, ಪೂರ್ತಿ ಬಡ್ಡಿಗೆ ಶೇ 10 ಟಿಡಿಎಸ್ ಹಿಡಿಯುತ್ತಾರೆ. ಎರಡನೇ ಬ್ಯಾಂಕು ಹಿಡಿಯದಿರುವುದು ಅದೇ ಕಾರಣಕ್ಕೆ. ಆದರೆ ಹಿಡಿಯಲಿಲ್ಲ ಎಂದ ಮಾತ್ರಕ್ಕೆ ಆ 70,000 ಲೆಕ್ಕದಿಂದ ಹೊರಗೆ ಹೋಗುವುದಿಲ್ಲ. ಊರಿನ ಪತ್ತಿನ ಸಹಕಾರ ಸಂಘದಲ್ಲಿ ಠೇವಣಿ ಇಟ್ಟವರೂ ಇದೇ ಭ್ರಮೆಯಲ್ಲಿ ಇರುತ್ತಾರೆ.

ಕುಟುಂಬ ಪಿಂಚಣಿ ಕಾನೂನಿನ ಕಣ್ಣಿನಲ್ಲಿ ಸಂಬಳವಲ್ಲ, ‘ಇತರ ಮೂಲಗಳ ಆದಾಯ’. ಹಾಗಾಗಿ ಸ್ಟ್ಯಾಂಡರ್ಡ್ ಡಿಡಕ್ಷನ್‌ನ 75,000 ಸಿಗುವುದಿಲ್ಲ. ಪಿಂಚಣಿಯ ಮೂರನೇ ಒಂದು ಭಾಗ ಅಥವಾ 25,000, ಎರಡರಲ್ಲಿ ಕಡಿಮೆಯದು ಸಿಗುತ್ತದೆ. ನಿಮ್ಮ 4.64 ಲಕ್ಷದಲ್ಲಿ ಅದನ್ನು ಕಳೆದರೆ 4.39 ಲಕ್ಷ. ಹೊಸ ಪದ್ಧತಿಯ ರಿಬೇಟ್‌ನಿಂದ ತೆರಿಗೆ ಇಲ್ಲ. ಆದರೆ ಹೊಸ ಪದ್ಧತಿಯ ಮೂಲ ವಿನಾಯಿತಿಯಾದ 4 ಲಕ್ಷದ ಮಿತಿ ದಾಟಿರುವುದರಿಂದ ರಿಟರ್ನ್ಸ್ ಸಲ್ಲಿಸಲೇಬೇಕು, ನಿಮ್ಮ 13,000 ವಾಪಸು ಬರುವ ದಾರಿಯೂ ಅದೊಂದೇ. ಸಲ್ಲಿಸುವ ಮೊದಲು ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ ಹೆಸರಿನಲ್ಲಿ ಹಿಡಿದ ತೆರಿಗೆಯ ಪಟ್ಟಿಯಾದ 26ಎಎಸ್ ತೆಗೆದು, ಆ ಮೊತ್ತ ನಿಮ್ಮ ಪ್ಯಾನ್‌ಗೆ ಜಮೆಯಾಗಿದೆಯೇ ಎಂದು ನೋಡಿಕೊಳ್ಳಿ.

ಮುಂದೆ ಹೀಗಾಗದಿರಲು, ತೆರಿಗೆ ಬರುವುದಿಲ್ಲ ಎಂಬ ಸ್ವಯಂ ಘೋಷಣೆಯನ್ನು ಏಪ್ರಿಲ್‌ನಲ್ಲೇ ಬ್ಯಾಂಕಿಗೆ ಕೊಡಬೇಕು. ಇಷ್ಟು ವರ್ಷ ಜನ ಅದನ್ನು 15ಎಚ್ ಎಂದೇ ಕರೆಯುತ್ತ ಬಂದಿದ್ದಾರೆ. ಒಮ್ಮೆ ಕೊಟ್ಟರೆ ಶಾಶ್ವತವಲ್ಲ. ಪ್ರತಿ ವರ್ಷ ಹೊಸದು, ಪ್ರತಿ ಬ್ಯಾಂಕಿಗೂ ಬೇರೆ.

ಪ್ರಶ್ನೆ: ಶಿರಸಿಯ ಬಳಿ ಇರುವ ನಮ್ಮ ತಂದೆಗೆ 71, ತಾಯಿಗೆ 66. ಇಬ್ಬರಿಗೂ ಆರೋಗ್ಯ ವಿಮೆ ಇಲ್ಲ, ಖರ್ಚೆಲ್ಲ ನನ್ನದು. ಅಡಿಕೆ ತೋಟದ ಆದಾಯ ಅವರಿಗಿದೆ. ನಾನು ಏನಾದರೂ ಕಳೆದುಕೊಳ್ಳಬಹುದೇ? (ಬೆಂಗಳೂರಿನಿಂದ)

ಉತ್ತರ: ನೀವು ಹಳೆಯ ಪದ್ಧತಿಯಲ್ಲಿದ್ದರೆ ಮಾತ್ರ. ವಿಮೆ ಇಲ್ಲದ ಹಿರಿಯ ತಂದೆ ತಾಯಿಯ ವೈದ್ಯಕೀಯ ವೆಚ್ಚವನ್ನು ಇಬ್ಬರಿಗೂ ಸೇರಿ 50,000ದವರೆಗೆ 80ಡಿ ಅಡಿ ಕಳೆಯಬಹುದು. ಅವರು ನಿಮ್ಮ ಅವಲಂಬಿತರಾಗಿರಬೇಕೆಂದಿಲ್ಲ, ತೋಟದ ಆದಾಯ ಅಡ್ಡಿಯಲ್ಲ. ನಗದಾಗಿ ಕೊಟ್ಟ ಹಣ ಮಾತ್ರ ಲೆಕ್ಕಕ್ಕೆ ಬರುವುದಿಲ್ಲ. ಔಷಧಿ ಅಂಗಡಿಗೂ ಯುಪಿಐ ಅಥವಾ ಕಾರ್ಡಿನಲ್ಲೇ ಕೊಟ್ಟು ಬಿಲ್ಲು ಇಟ್ಟುಕೊಳ್ಳಿ. ತಂದೆಗೆ ಒಂದು ಮಾತು ಹೇಳಿ: ಕೃಷಿ ಆದಾಯಕ್ಕೆ ತೆರಿಗೆ ಇಲ್ಲದಿದ್ದರೂ, ಅದು 5,000 ದಾಟಿದ್ದು ರಿಟರ್ನ್ಸ್ ಸಲ್ಲಿಸಬೇಕಾಗಿ ಬಂದರೆ ಐಟಿಆರ್–1 ಎಂಬ ಸರಳ ನಮೂನೆಯನ್ನು ಬಳಸುವಂತಿಲ್ಲ.

ಪ್ರಶ್ನೆ: ನಮ್ಮ ಅಮ್ಮನಿಗೆ 82. ಹಳೆಯ ನಿವೇಶನವೊಂದನ್ನು ಈ ವರ್ಷ ಮಾರಿದರು. ದೀರ್ಘಾವಧಿ ಲಾಭ 18 ಲಕ್ಷ. ಅದು ಬಿಟ್ಟರೆ ಬ್ಯಾಂಕ್ ಬಡ್ಡಿ 3 ಲಕ್ಷ. ಹೊಸ ಪದ್ಧತಿಯೇ ಒಳ್ಳೆಯದಲ್ಲವೇ? (ಮೈಸೂರಿನಿಂದ)

ಉತ್ತರ: ಇಲ್ಲಿ ಅಲ್ಲ. ಹಾಸನದ ಮೇಷ್ಟ್ರಿಗೆ ಹೇಳಿದ್ದನ್ನು ಅಮ್ಮನ ವಿಷಯದಲ್ಲಿ ತಿರುಗಿಸಿ ಓದಬೇಕು.

ನಿವೇಶನದ ಲಾಭಕ್ಕೆ ಪ್ರತ್ಯೇಕ ದರ, ಶೇ 12.5. ಈ ಲಾಭವೂ ಸೇರಿ ಒಟ್ಟು ಆದಾಯ 12 ಲಕ್ಷ ದಾಟಿರುವುದರಿಂದ ರಿಬೇಟ್‌ನ ಆಸರೆ ಇಲ್ಲ. ಉಳಿದಿರುವ ಅನುಕೂಲ ಒಂದೇ: ಉಳಿದ ಆದಾಯವು ಮೂಲ ವಿನಾಯಿತಿ ಮಿತಿಗಿಂತ ಎಷ್ಟು ಕಡಿಮೆಯೋ ಅಷ್ಟನ್ನು ಲಾಭದಲ್ಲಿ ಕಳೆಯಬಹುದು. ಹೊಸ ಪದ್ಧತಿಯಲ್ಲಿ ಆ ಮಿತಿ ಎಲ್ಲರಿಗೂ 4 ಲಕ್ಷ. ಬಡ್ಡಿ 3 ಲಕ್ಷ ಹೋಗಿ 1 ಲಕ್ಷದ ಜಾಗ ಉಳಿಯುತ್ತದೆ. ತೆರಿಗೆ 17 ಲಕ್ಷದ ಮೇಲೆ, ಸೆಸ್ ಸೇರಿ 2,21,000.

ಹಳೆಯ ಪದ್ಧತಿಯಲ್ಲಿ ಎಂಬತ್ತು ತುಂಬಿದವರ ಮಿತಿ 5 ಲಕ್ಷ. ಬಡ್ಡಿಯಲ್ಲಿ 80ಟಿಟಿಬಿಯ 50,000 ಕಳೆದು 2.5 ಲಕ್ಷ. ಇನ್ನೂ 2.5 ಲಕ್ಷದ ಜಾಗವಿದೆ. ತೆರಿಗೆ 15.5 ಲಕ್ಷದ ಮೇಲೆ, 2,01,500. ಉಳಿತಾಯ 19,500 ರೂಪಾಯಿ. ಆದರೆ ತಾನಾಗಿ ಅನ್ವಯಿಸುವುದು ಹೊಸ ಪದ್ಧತಿ. ಹಳೆಯದನ್ನು ಆಯ್ದುಕೊಳ್ಳಬೇಕಾದರೆ 2026ರ ಜುಲೈ 31ರೊಳಗೆ ರಿಟರ್ನ್ಸ್ ಸಲ್ಲಿಸಬೇಕು, ತಡವಾದರೆ ಆಯ್ಕೆ ಕೈತಪ್ಪುತ್ತದೆ.

ನಿವೇಶನವನ್ನು 2024ರ ಜುಲೈ 23ಕ್ಕೆ ಮೊದಲೇ ಪಡೆದಿದ್ದರೆ, ಬೆಲೆ ಸೂಚ್ಯಂಕ ಅನ್ವಯಿಸಿ (ಕೊಂಡ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಏರಿಸಿ) ಶೇ 20ರ ದರದಲ್ಲೂ ಲೆಕ್ಕ ಹಾಕಿ ನೋಡಿ. ಯಾವುದರಲ್ಲಿ ತೆರಿಗೆ ಕಡಿಮೆಯೋ ಅದು ನಿಮ್ಮದು. ಮಾರಿದ ಆರು ತಿಂಗಳೊಳಗೆ ಸರ್ಕಾರ ಸೂಚಿಸಿದ 54ಇಸಿ ಬಾಂಡ್‌ಗಳಲ್ಲಿ ಲಾಭವನ್ನೆಲ್ಲ ಹೂಡಿದರೆ ಆ ಲಾಭಕ್ಕೆ ತೆರಿಗೆಯೇ ಇರುವುದಿಲ್ಲ, ಈ ಸೌಲಭ್ಯ ಎರಡೂ ಪದ್ಧತಿಯಲ್ಲಿದೆ. ಹಣ ಐದು ವರ್ಷ ಸಿಕ್ಕಿಬೀಳುತ್ತದೆ. ಎಂಬತ್ತೆರಡರ ಅಮ್ಮನ ಔಷಧ, ಆರೈಕೆಗೆ ಕೈಯಲ್ಲಿ ಬೇರೆ ಹಣ ಇದ್ದರೆ ಮಾತ್ರ ಆ ಕಡೆ ನೋಡಿ. ಎರಡು ಲಕ್ಷ ಉಳಿಸಲು ಹೋಗಿ ಹದಿನೆಂಟು ಲಕ್ಷಕ್ಕೆ ಬೀಗ ಹಾಕಬೇಕಾಗುತ್ತದೆ. ವ್ಯಾಪಾರ, ವೃತ್ತಿ ಆದಾಯವಿಲ್ಲದ ಹಿರಿಯರಿಗೆ ಮುಂಗಡ ತೆರಿಗೆಯ ಹೊಣೆ ಇಲ್ಲ, ಆದ್ದರಿಂದ ಬರುವ ತೆರಿಗೆಯನ್ನು ರಿಟರ್ನ್ಸ್ ಸಲ್ಲಿಸುವಾಗ ಕಟ್ಟಿದರೆ ಸಾಕು.

ಪ್ರಶ್ನೆ: 75 ದಾಟಿದವರಿಗೆ ತೆರಿಗೆ ಇಲ್ಲ ಎಂಬ ವಾಟ್ಸ್‌ಆ್ಯಪ್ ಸಂದೇಶ ನಿಜವೇ? ನನಗೆ 77, ಪಿಂಚಣಿ ಒಂದು ಬ್ಯಾಂಕಿನಲ್ಲಿ, ಠೇವಣಿ ಅಲ್ಲೂ ಅಂಚೆ ಕಚೇರಿಯಲ್ಲೂ ಇದೆ. (ಧಾರವಾಡದಿಂದ)

ಉತ್ತರ: ತೆರಿಗೆ ಇಲ್ಲ ಎಂಬುದು ಸುಳ್ಳು. ಆ ಸಂದೇಶದ ಬೇರು 194ಪಿ ಸೆಕ್ಷನ್‌ನಲ್ಲಿದೆ. ಪಿಂಚಣಿ ಮತ್ತು ಅದೇ ಬ್ಯಾಂಕಿನ ಬಡ್ಡಿ ಬಿಟ್ಟು ಬೇರೆ ಆದಾಯವಿಲ್ಲದವರು ಬ್ಯಾಂಕಿಗೆ 12ಬಿಬಿಎ ಘೋಷಣೆ ಕೊಟ್ಟರೆ, ಬ್ಯಾಂಕೇ ತೆರಿಗೆ ಲೆಕ್ಕ ಹಾಕಿ ಹಿಡಿದು ಕಟ್ಟುತ್ತದೆ, ಅವರು ರಿಟರ್ನ್ಸ್ ಸಲ್ಲಿಸಬೇಕಾಗಿಲ್ಲ. ನಿಮಗೆ ಅಂಚೆ ಕಚೇರಿಯ ಬಡ್ಡಿಯೂ ಇರುವುದರಿಂದ ಈ ಸೌಲಭ್ಯ ಸಿಗುವುದಿಲ್ಲ. ಪಾಸ್‌ಬುಕ್‌ಗಳೆರಡನ್ನೂ ಎದುರಿಗಿಟ್ಟುಕೊಂಡು ಬಡ್ಡಿ ಕೂಡಿಸಿ. ಎಲ್ಲ ಸೇರಿ 4 ಲಕ್ಷ ದಾಟಿದರೆ ಎಂದಿನಂತೆ ಜುಲೈ ಕೊನೆಯೊಳಗೆ ರಿಟರ್ನ್ಸ್ ಸಲ್ಲಿಸಿ.